ಕ್ರೋಶಾ ಸೊಟ್ಟ ಬಂದರೆ ಎಲ್ಲಿ ನೋಡಬೇಕು? ಮಫ್ಲರ್, ಟೊಪ್ಪಿಗೆ, ಹೇರ್‌ಬ್ಯಾಂಡ್, ಓಲೆ

ಕ್ರೋಶಾ ಕಡ್ಡಿಯಲ್ಲಿ, ಅಂದರೆ ತುದಿಗೆ ಕೊಕ್ಕೆ ಇರುವ ಕಡ್ಡಿಯಲ್ಲಿ, ದಾರ ಹೆಣೆದು ಹಾಕಿದ ಮಫ್ಲರ್ ಸೊಟ್ಟ ಬಂತು ಅಂತ ಗೊತ್ತಾದ ತಕ್ಷಣ ದಾರ ಹಿಡಿದು ಸರ್ರನೆ ಬಿಚ್ಚಬೇಡಿ. ಬಿಚ್ಚಿಬಿಟ್ಟರೆ ಎಲ್ಲಿ ತಪ್ಪಿತು ಅಂತ ತಿಳಿಯುವ ದಾರಿಯೂ ಹೋಯಿತು. ಮತ್ತೆ ಹಾಕುವಾಗ ಅದೇ ಕೈ, ಅದೇ ಕಡ್ಡಿ, ಅದೇ ಸೊಟ್ಟ. ದಾವಣಗೆರೆಯ ನಮ್ಮ ಓಣಿಯಲ್ಲಿ ಹುಡುಗಿಯರು "ಅಕ್ಕಾ, ಇದೇನಾಗೈತಿ ನೋಡ್ರಿ" ಅಂತ ತಂದು ತೋರಿಸುವ ಟೊಪ್ಪಿಗೆ, ಹೇರ್‌ಬ್ಯಾಂಡುಗಳಲ್ಲಿ ಜಾಸ್ತಿ ಪಾಲು ಹೀಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ದಾರವೇ ಪಿಂಜಿ ಹೋಗಿರುವಂಥವು.

ಕ್ರೋಶಾದಲ್ಲಿ ತಪ್ಪು ಕಣ್ಣಿಗೆ ಬೀಳುವ ಸಾಲೇ ಬೇರೆ, ಹುಟ್ಟುವ ಸಾಲೇ ಬೇರೆ. ಒಂದು ಸ್ಟಿಚ್ ಕಮ್ಮಿಯಾದರೆ ಆ ಸಾಲಿನಲ್ಲಿ ಏನೂ ಗೊತ್ತಾಗುವುದಿಲ್ಲ. ನಾಲ್ಕೈದು ಸಾಲು ಮೇಲೆ ಹೋದ ಮೇಲೆ ಅಂಚು ಒಳಗೆ ಸರಿದದ್ದು ಕಾಣುತ್ತದೆ. ಆಗ ನಾವು ಕಂಡ ಸಾಲನ್ನಷ್ಟೇ ಬಿಚ್ಚುತ್ತೇವೆ, ಕೆಳಗಿನದು ಹಾಗೇ ಉಳಿಯುತ್ತದೆ. ಅದಕ್ಕೇ ಯಾವಾಗಲೂ ಬುಡದಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಮೊದಲು ಎಣಿಸಿ. ಎಣಿಕೆ ಸರಿ ಇದ್ದರೆ ಟೇಪು ಹಿಡಿಯಿರಿ. ಅಳತೆಯೂ ಸರಿ ಇದ್ದರೆ ಆಗ ದಾರದ ಮೇಲೆ ಅನುಮಾನ ಪಡಿ. ಈ ಕ್ರಮ ತಪ್ಪಿಸಬೇಡಿ. ದಾರವನ್ನು ಬೈಯುವುದು ಸುಲಭ, ಆದರೆ ಹತ್ತರಲ್ಲಿ ಏಳೆಂಟು ಸಲ ಎಣಿಕೆಯೇ ಕಾರಣ.

ಕೈಗೆ ಟೇಪು, ಒಂದಷ್ಟು ಸೇಫ್ಟಿ ಪಿನ್ನು, ಮೊಂಡು ತುದಿಯ ದಪ್ಪ ಸೂಜಿ ಇಟ್ಟುಕೊಳ್ಳಿ. ಅಷ್ಟು ಸಾಕು.

ಶುರು ಮಾಡುವ ಮುಂಚೆಯೇ ಆಗಿರುವ ತಪ್ಪು

ವಿಡಿಯೋ ನೋಡಿ ಹಾಕಿದ್ದು, ಸ್ಟಿಚ್ ಒಂದೂ ಬಿಟ್ಟಿಲ್ಲ, ಆದರೂ ಚಿತ್ರದಲ್ಲಿ ಇರುವುದಕ್ಕಿಂತ ಗಿಡ್ಡ ಬಂದಿದೆ, ದಪ್ಪಗೆ ಒತ್ತಾಗಿದೆ ಅನ್ನಿ. ಇಲ್ಲಿ ನಿಮ್ಮ ಕೈಯ ತಪ್ಪಿಲ್ಲ, ಸ್ಟಿಚ್ಚಿನ ಹೆಸರಿನ ಗೊಂದಲ. ಅಮೆರಿಕದವರು ಸಿಂಗಲ್ ಅನ್ನುವ ಸ್ಟಿಚ್ಚನ್ನು ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ನಮ್ಮಲ್ಲಿ ಹಳಬರು ಹಳೆಯ ಪುಸ್ತಕ ನೋಡಿ ಕಲಿತವರು, ಈಗಿನ ಹುಡುಗಿಯರು ವಿಡಿಯೋ ನೋಡಿ ಕಲಿಯುವವರು. ಅಮ್ಮ ಒಂದು ಡಬಲ್ ಹೇಳಿಕೊಟ್ಟರೆ ಮಗಳ ವಿಡಿಯೋದಲ್ಲಿ ಇನ್ನೊಂದು ಡಬಲ್ ಬರುತ್ತದೆ.

ಪತ್ತೆ ಹಚ್ಚುವುದು ಹೀಗೆ. ಸಾಲು ತಿರುಗಿಸುವಾಗ 3 ಚೈನ್ (ಒಂದರೊಳಗೊಂದು ಎಳೆದ ಸಾದಾ ಕುಣಿಕೆ) ಹಾಕಿ ಅಂದಿದ್ದರೆ ಅದು ಎತ್ತರದ ಸ್ಟಿಚ್ಚು (ಅಮೆರಿಕದ ಡಬಲ್), ಅಂದರೆ ಕಡ್ಡಿಗೆ ಮೊದಲೇ ಒಂದು ಸಲ ದಾರ ಸುತ್ತಿ ಹಾಕುವುದು. 1 ಚೈನ್ ಅಂದಿದ್ದರೆ ಗಿಡ್ಡ ಸ್ಟಿಚ್ಚು (ಅಮೆರಿಕದ ಸಿಂಗಲ್). ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಅನ್ನುವ ಮಾತಿದ್ದರೆ ಸಾಮಾನ್ಯವಾಗಿ ಅದು ಅಮೆರಿಕದ ಲೆಕ್ಕ. ಈ ಬರಹದಲ್ಲೂ ಅಮೆರಿಕದ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

ಕಡ್ಡಿಯಲ್ಲೂ ಇಂಥದ್ದೇ ಒಂದು ಗೊಂದಲ ಇದೆ. ಅಲ್ಯುಮಿನಿಯಂ ಕಡ್ಡಿಯ ಮೇಲೆ 4.0 ಅಂತ ಇದ್ದರೆ ಅದು 4 ಮಿ.ಮೀ. ಅಜ್ಜಿಯ ಡಬ್ಬಿಯಲ್ಲಿ ಸಿಗುವ ಸಣ್ಣ ಸ್ಟೀಲ್ ಕಡ್ಡಿಯ ಮೇಲಿನ 4 ಹಾಗಲ್ಲ, ಅದು ಬರೀ ನಂಬರು. ಅವುಗಳಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಅದರಲ್ಲಿ ಉಲ್ಲನ್ ಹಾಕಲು ಹೋದರೆ ದಾರ ಸೀಳುತ್ತದೆ, ಬೆರಳು ನೋಯುತ್ತದೆ, ಬಟ್ಟೆ ರಟ್ಟಿನಂತಾಗುತ್ತದೆ. ಹಾಕಿದ್ದು ಗಟ್ಟಿಯಾಗಿ, ಮಡಚಿದರೆ ಮಡಚಿಕೊಳ್ಳದೆ ನಿಂತರೆ ಕಡ್ಡಿ ಸಣ್ಣದಾಯಿತು ಅಂತಲೇ ಅರ್ಥ. 4 ಪ್ಲೈ (ಪ್ಲೈ ಅಂದರೆ ದಾರದ ದಪ್ಪದ ಲೆಕ್ಕ) ದಾರಕ್ಕೆ 2.5ರಿಂದ 3.5, 8 ಪ್ಲೈಗೆ 4 ಅಥವಾ 4.5 ಮಿ.ಮೀ. ಕಡ್ಡಿ ಹಿಡಿದರೆ ಸರಿ ಹೋಗುತ್ತದೆ. ಲೇಬಲ್ ಇದ್ದರೆ ಅದರಲ್ಲಿ ಕಡ್ಡಿಯ ಚಿತ್ರದ ಪಕ್ಕ ಬರೆದಿರುತ್ತಾರೆ, ನೋಡಿ.

ಮಫ್ಲರ್ ಅಂಚು ಓಡುತ್ತಿದೆ

ಮೊದಲ ಸಾಲು ಎಣಿಸಿ, ಆಮೇಲೆ ಐದೈದು ಸಾಲಿಗೆ ಒಂದು ಸಲ ಎಣಿಸುತ್ತಾ ಮೇಲೆ ಬನ್ನಿ. ಬರುವ ಉತ್ತರದಲ್ಲೇ ರೋಗ ಗೊತ್ತಾಗುತ್ತದೆ.

ಎಣಿಕೆ ಸಾಲು ಸಾಲಿಗೂ ಇಳಿಯುತ್ತಿದ್ದರೆ ಸಾಲಿನ ತುದಿಯ ಸ್ಟಿಚ್ ಬಿಡುತ್ತಿದ್ದೀರಿ. ಡಬಲ್ ಹಾಕುವಾಗ ತಿರುಗಿಸಿದ 3 ಚೈನೇ ಮೊದಲ ಸ್ಟಿಚ್ ಅಂತ ಲೆಕ್ಕ. ಹಾಗಾಗಿ ಅದರ ಬುಡದ ಸ್ಟಿಚ್ ಬಿಟ್ಟು ಮುಂದಿನದಕ್ಕೆ ಹೋಗುತ್ತೇವೆ. ಅಲ್ಲಿಗೆ ಅರ್ಧ ಕೆಲಸ ಆಯಿತು. ಸಾಲಿನ ಕೊನೆಗೆ ಬಂದಾಗ ಕೆಳಗಿನ ಸಾಲಿನ 3 ಚೈನಿನ ತಲೆಯಲ್ಲೂ ಒಂದು ಡಬಲ್ ಬೀಳಬೇಕು. ಅದು ನೋಡಲು ಸ್ಟಿಚ್ ತರ ಇರುವುದಿಲ್ಲ, ಪಕ್ಕಕ್ಕೆ ವಾಲಿಕೊಂಡು ಅಡಗಿರುತ್ತದೆ. ಅದಕ್ಕೇ ತಪ್ಪಿಹೋಗುವುದು. ಸಾಲು ಶುರು ಮಾಡಿದ ತಕ್ಷಣ ಆ 3ನೇ ಚೈನಿಗೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿ. ವಾಪಸ್ ಬಂದಾಗ ಪಿನ್ನು ಇದ್ದಲ್ಲಿ ಹಾಕಿ, ಪಿನ್ನು ತೆಗೆಯಿರಿ. ಕಣ್ಣಿಗೆ ರೂಢಿಯಾದ ಮೇಲೆ ಪಿನ್ನು ಬೇಕಾಗುವುದಿಲ್ಲ.

ಎಣಿಕೆ ಏರುತ್ತಿದ್ದರೆ ಇದರ ಉಲ್ಟಾ. ಬುಡದ ಸ್ಟಿಚ್ಚಿನಲ್ಲೂ ಹಾಕುತ್ತಿದ್ದೀರಿ, ಕೊನೆಯ ಚೈನಿನ ತಲೆಯಲ್ಲೂ ಹಾಕುತ್ತಿದ್ದೀರಿ. ಎರಡರಲ್ಲಿ ಒಂದನ್ನು ಬಿಡಿ.

ಎಣಿಕೆ ಒಂದೇ ಇದೆ, ಆದರೂ ಇಡೀ ಮಫ್ಲರ್ ಒಂದು ಕಡೆಗೆ ವಾಲುತ್ತಿದೆ ಅಂದರೆ ಒಂದು ಅಂಚಿನಲ್ಲಿ ಕಳೆದದ್ದನ್ನು ಇನ್ನೊಂದು ಅಂಚಿನಲ್ಲಿ ಸೇರಿಸುತ್ತಿದ್ದೀರಿ. ಎಣಿಸಿ ನೋಡಿ "ಸರಿ ಇದೆಯಲ್ಲ" ಅಂತ ಸುಮ್ನೆ ಆಗುವವರು ಇದರಲ್ಲೇ ಸಿಕ್ಕಿಬೀಳುವುದು. ಎರಡೂ ಅಂಚಿನ ಗೆರೆ ಒಂದೇ ಕಡೆಗೆ ಓರೆಯಾಗಿದ್ದರೆ ಇದೇ ಕಾರಣ.

ಸಿಂಗಲ್ ಹಾಕುವವರಿಗೆ ಒಂದು ಎಚ್ಚರಿಕೆ. ಅಲ್ಲಿ ತಿರುಗಿಸುವ 1 ಚೈನ್ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸ್ಟಿಚ್ ಬುಡದಲ್ಲೇ ಬೀಳಬೇಕು. ಡಬಲ್ ಕಲಿತು ಸಿಂಗಲ್‌ಗೆ ಬಂದವರ ಕೈ ತಾನಾಗಿಯೇ ಒಂದು ಬಿಟ್ಟು ಮುಂದೆ ಹೋಗುತ್ತದೆ.

ಬುಡ ಮಾತ್ರ ಸಣ್ಣ, ಮೇಲೆ ಹೋದಂತೆ ಅಗಲ, ಎಣಿಕೆ ಸರಿ. ಇದು ಬುಡಕ್ಕೆ ಹಾಕಿದ ಚೈನ್ ಸಾಲು ಬಿಗಿಯಾದದ್ದು. ಹೊಸಬರಲ್ಲಿ ಇದು ತುಂಬಾ ಸಾಮಾನ್ಯ. ಚೈನ್ ಹಾಕುವಾಗ ಮಾತ್ರ ಅರ್ಧ ಅಥವಾ ಒಂದು ಮಿ.ಮೀ. ದೊಡ್ಡ ಕಡ್ಡಿ ಹಿಡಿಯಿರಿ, ಮೊದಲ ಸಾಲಿಗೆ ನಿಮ್ಮ ಕಡ್ಡಿಗೆ ವಾಪಸ್ ಬನ್ನಿ. ಆಗಲೇ ಹಾಕಿ ಮುಗಿಸಿದ್ದರೆ? ಹತ್ತಿ ದಾರವಾದರೆ ಒದ್ದೆ ಮಾಡಿ ಎಳೆದು ಪಿನ್ನು ಹಾಕಿ ಒಣಗಿಸಿದರೆ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಅಕ್ರಿಲಿಕ್ಕಿಗೆ (ಉಣ್ಣೆಯಂತೆ ಕಾಣುವ ಕೃತಕ ದಾರ) ನೀರಿನಿಂದ ಏನೂ ಆಗುವುದಿಲ್ಲ. ಎದೆ ಗಟ್ಟಿ ಮಾಡಿ ಬಿಚ್ಚಬೇಕು.

ಇನ್ನು ಎಣಿಕೆಯೂ ಸರಿ, ಬುಡವೂ ಸರಿ, ನಡುವೆ ಎಲ್ಲೋ ಒಂದು ಗೇಣು ಸಣ್ಣಗಾಗಿದ್ದರೆ ಅದು ಆ ಹೊತ್ತಿನ ಕೈ. ಸೀರಿಯಲ್ ನೋಡುತ್ತಾ ಹಾಕಿದ ಭಾಗ ಬಿಗಿ, ಹರಟೆ ಹೊಡೆಯುತ್ತಾ ಹಾಕಿದ್ದು ಸಡಿಲ. ಮಫ್ಲರ್ ಕುತ್ತಿಗೆಗೆ ಸುತ್ತಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನಾದರೆ ಬಿಚ್ಚುವುದಿಲ್ಲ.

ಟೊಪ್ಪಿಗೆ: ನೆರಿಗೆ ಬಂತು ಅಥವಾ ಬೋಗುಣಿಯಾಯಿತು

ಟೊಪ್ಪಿಗೆ, ಮಕ್ಕಳ ಕುಲಾವಿ, ಎಲ್ಲವೂ ನೆತ್ತಿಯ ಚಪ್ಪಟೆ ಚಕ್ರದಿಂದ ಶುರು. ಆ ಚಕ್ರ ಹಾಳಾದರೆ ಮುಂದಿನದೆಲ್ಲ ಹಾಳು. ಚಕ್ರ ಚಪ್ಪಟೆಯಾಗಿ ಇರಬೇಕಾದರೆ ಪ್ರತಿ ಸುತ್ತಿಗೂ ಇಷ್ಟು ಅಂತ ಸ್ಟಿಚ್ ಏರಬೇಕು. ಸಿಂಗಲ್‌ಗೆ 6, ಹಾಫ್ ಡಬಲ್‌ಗೆ (ಎತ್ತರದಲ್ಲಿ ಸಿಂಗಲ್, ಡಬಲ್ ಎರಡರ ನಡುವಿನದು) 8, ಡಬಲ್‌ಗೆ 12. ಸ್ಟಿಚ್ ಎತ್ತರವಾದಷ್ಟೂ ಸುತ್ತಳತೆ ಬೇಗ ದೊಡ್ಡದಾಗುತ್ತದೆ, ಅದನ್ನು ತುಂಬಲು ಜಾಸ್ತಿ ಸ್ಟಿಚ್ ಬೇಕು. ಇಷ್ಟೇ ಇದರ ಗುಟ್ಟು.

ಅಂದರೆ ಸಿಂಗಲ್‌ನಲ್ಲಿ ಸುತ್ತಿನ ಎಣಿಕೆ 6, 12, 18, 24, 30 ಹೀಗೆ ಹೋಗಬೇಕು. ಡಬಲ್‌ನಲ್ಲಿ 12, 24, 36, 48. ಈಗ ನಿಮ್ಮ ಚಕ್ರ ಎಣಿಸಿ, ನಡುವಿನಿಂದ ಹೊರಗೆ. ಯಾವ ಸುತ್ತಿನಲ್ಲಿ ಲೆಕ್ಕ ತಪ್ಪಿತೋ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು.

ಅಂಚು ನೆರಿಗೆ ನೆರಿಗೆಯಾಗಿ ಎದ್ದರೆ ಸ್ಟಿಚ್ ಜಾಸ್ತಿಯಾಗಿದೆ. ಸಾಮಾನ್ಯ ಕಾರಣ ಸುತ್ತು ಸೇರಿಸುವ ಜಾಗ. ಸುತ್ತು ಮುಗಿಸಲು ಹಾಕಿದ ಸ್ಲಿಪ್ ಸ್ಟಿಚ್ಚನ್ನೂ ಸ್ಟಿಚ್ ಅಂದುಕೊಂಡು ಅದರ ಮೇಲೂ ಹಾಕುತ್ತೀರಿ. ಸುತ್ತಿಗೊಂದು ಹೆಚ್ಚಾಗುತ್ತಾ ಹೋಗುತ್ತದೆ. ಇನ್ನೊಂದು ಕಾರಣ, ಡಬಲ್‌ನ 12ರ ಲೆಕ್ಕ ಇಟ್ಟುಕೊಂಡು ಸಿಂಗಲ್ ಹಾಕುವುದು. ಮೇಲೆ ಹೇಳಿದ ಅಮೆರಿಕ, ಬ್ರಿಟನ್ ಗೊಂದಲ ಇಲ್ಲಿ ಈ ರೂಪದಲ್ಲಿ ಬರುತ್ತದೆ.

ಬೇಗನೆ ಬೋಗುಣಿಯಾದರೆ ಸ್ಟಿಚ್ ಕಮ್ಮಿ. ಒಂದಕ್ಕೆ ಎರಡು ಹಾಕಬೇಕಾದ ಜಾಗ ಬಿಟ್ಟುಹೋಗಿದೆ, ಅಥವಾ 6ರ ಲೆಕ್ಕದಲ್ಲಿ ಡಬಲ್ ಹಾಕುತ್ತಿದ್ದೀರಿ.

ಮೊನ್ನೆ ನಿಟುವಳ್ಳಿಯ ಒಬ್ಬ ಹುಡುಗಿಗೆ ಬಂದ ತೊಂದರೆ ಇವೆರಡೂ ಅಲ್ಲ. "ಅಕ್ಕಾ, ಎಣಿಸೀನಿ, ಎಲ್ಲಾ ಸುತ್ತೂ ಸರಿ ಐತಿ, ಆದ್ರೂ ಬೋಗುಣಿನೇ ಆಗ್ತೈತಿ." ಅವಳು ಹಾಕುವುದನ್ನು ನೋಡಿದೆ. ದಾರ ಎಳೆದುಕೊಂಡಾಗ ಕಡ್ಡಿಯನ್ನು ತುಂಬಾ ಮೇಲೆ ಎತ್ತುತ್ತಾಳೆ. ಸ್ಟಿಚ್ ಎತ್ತರ ಬರುತ್ತದೆ, ಅಗಲ ಬರುವುದಿಲ್ಲ. ಅಂಥ ಕೈಗೆ 12ರ ಬದಲು 13ರಿಂದ ಶುರು ಮಾಡಿ, ಸುತ್ತಿಗೆ 13 ಏರಿಸಿದರೆ ಚಕ್ರ ಚಪ್ಪಟೆ ಕೂರುತ್ತದೆ. ಕೆಳಕ್ಕೆ ಜಗ್ಗಿ ಹಾಕುವವರದು ಇದರ ವಿರುದ್ಧ. ಸ್ಟಿಚ್ ಕುಳ್ಳಗಾಗಿ ಎಣಿಕೆ ಸರಿ ಇದ್ದರೂ ಅಲೆ ಏಳುತ್ತದೆ. ಅವರು ಏರಿಸದೆ ಒಂದು ಸುತ್ತು ಸಾದಾ ಹಾಕಿದರೆ ಸರಿಹೋಗುತ್ತದೆ. ಬರೆದಿಟ್ಟ ಲೆಕ್ಕ ಎಲ್ಲ ಕೈಗೂ ಒಂದೇ ಅಲ್ಲ, ಅದನ್ನು ಕೈಗೆ ತಕ್ಕಂತೆ ತಿದ್ದಿಕೊಳ್ಳಬೇಕು.

ಸಣ್ಣ ಅಲೆ ಇದ್ದರೆ ಹೆದರಬೇಡಿ. ಟೊಪ್ಪಿಗೆ ಹೇಗೂ ಮುಂದೆ ಕೆಳಗಿಳಿಯುತ್ತದೆ, ಅಲ್ಲಿ ಅದು ತಾನಾಗಿಯೇ ಎಳೆದುಕೊಳ್ಳುತ್ತದೆ. ಚಕ್ರ ಆರು ಮೂಲೆಯಾಗಿ ಕಂಡರೆ ಪ್ರತಿ ಸುತ್ತಿನಲ್ಲೂ ಏರಿಸುವುದು ಒಂದರ ಮೇಲೊಂದು ಬಿದ್ದಿದೆ. ಸುತ್ತು ಬಿಟ್ಟು ಸುತ್ತಿನಲ್ಲಿ ಜಾಗ ಬದಲಿಸಿ.

ತಲೆಗೆ ಕೂರುತ್ತಿಲ್ಲ

ಚಕ್ರ ಚೆನ್ನಾಗಿದೆ, ಟೊಪ್ಪಿಗೆ ಮಾತ್ರ ಕಣ್ಣಿನವರೆಗೆ ಜಾರುತ್ತದೆ. ಏರಿಸುವುದನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿಲ್ಲ. ಹಣೆಯ ಮೇಲಿನಿಂದ ತಲೆಯ ಸುತ್ತಳತೆ ತೆಗೆಯಿರಿ. ಅದರಲ್ಲಿ 3 ಸೆಂ.ಮೀ. ಕಳೆಯಿರಿ, ಟೊಪ್ಪಿಗೆ ಸ್ವಲ್ಪ ಹಿಗ್ಗಿ ಕೂರಬೇಕಲ್ವಾ. ಉಳಿದದ್ದನ್ನು 3.14ರಿಂದ ಭಾಗಿಸಿ. ತಲೆ 54 ಇದ್ದರೆ 51, ಭಾಗಿಸಿದರೆ ಸುಮಾರು 16 ಸೆಂ.ಮೀ. ಚಕ್ರದ ಅಡ್ಡಳತೆ ಅಷ್ಟಾದಾಗ ಏರಿಸುವುದು ಬಂದ್. ಇಲ್ಲಿ ಸುತ್ತು ಎಣಿಸಬೇಡಿ, ಟೇಪನ್ನು ನಂಬಿ. ನಿಮ್ಮ ದಾರ ವಿಡಿಯೋದವರ ದಾರ ಅಲ್ಲ.

ಸುತ್ತು ಸೇರಿಸಿದ ಗೆರೆ ನೇರ ಇಳಿಯದೆ ಬಲಕ್ಕೆ ಓರೆಯಾಗಿ ಹೋಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಅದು ತಪ್ಪಲ್ಲ. ಬಲಗೈಯವರು ಹಾಕುವಾಗ ಸ್ಟಿಚ್ಚಿನ ತಲೆ ಅದರ ಬುಡಕ್ಕಿಂತ ಸ್ವಲ್ಪ ಬಲಕ್ಕೆ ಕೂರುತ್ತದೆ, ಸುತ್ತು ಸುತ್ತಿಗೂ ಅಷ್ಟಷ್ಟು ಸರಿಯುತ್ತದೆ. ಬೇಡ ಅನ್ನಿಸಿದರೆ ಪ್ರತಿ ಸುತ್ತಿಗೂ ತಿರುಗಿಸಿ ಹಾಕಿ, ಅಥವಾ ಸೇರಿಸದೆ ಸುತ್ತಿಕೊಂಡೇ ಹೋಗಿ, ಶುರುವಿನ ಜಾಗಕ್ಕೆ ಪಿನ್ನು ಹಾಕಿಕೊಳ್ಳಿ.

ನೆತ್ತಿಯ ತೂತು ಒಗೆದ ಮೇಲೆ ಬಿಟ್ಟುಕೊಂಡರೆ ಮ್ಯಾಜಿಕ್ ರಿಂಗ್‌ನ (ಚಕ್ರ ಶುರು ಮಾಡುವ, ಎಳೆದರೆ ಬಿಗಿಯಾಗುವ ಕುಣಿಕೆ) ಬಾಲ ಗಿಡ್ಡ ಬಿಟ್ಟಿದ್ದೀರಿ. ಇಡೀ ಟೊಪ್ಪಿಗೆ ಬಿಚ್ಚುವುದು ಬೇಡ. ಅದೇ ಬಣ್ಣದ ಹೊಸ ದಾರವನ್ನು ಸೂಜಿಗೆ ಹಾಕಿ, ಮೊದಲ ಸುತ್ತಿನ ಬುಡಗಳಲ್ಲಿ ಎರಡು ಸುತ್ತು ಪೋಣಿಸಿ, ಲಂಗದ ಲಾಡಿ ಎಳೆದಂತೆ ಎಳೆಯಿರಿ. ಆಮೇಲೆ ಒಳಗಡೆ ಒಂದು ಕಡೆಗೆ ಹೊಲಿದು, ತಿರುಗಿಸಿ ವಾಪಸ್ ಹೊಲಿದು ಕತ್ತರಿಸಿ. ಮುಂದಿನ ಸಲ 15 ಸೆಂ.ಮೀ. ಬಾಲ ಬಿಡಿ. ಗಂಟು ಹಾಕಿದ್ದೇನಲ್ಲ ಅಂತ ಸಣ್ಣಗೆ ಕತ್ತರಿಸಬೇಡಿ, ಅಕ್ರಿಲಿಕ್ ಜಾರುವ ದಾರ, ಗಂಟು ನಿಲ್ಲುವುದಿಲ್ಲ.

ಚಿತ್ರದುರ್ಗದ ಕಡೆಯವರದು ಬೇರೆ ದೂರು: ಟೊಪ್ಪಿಗೆ ಇದ್ದರೂ ಕಿವಿಗೆ ಗಾಳಿ ಹೊಡೆಯುತ್ತದೆ. ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಬೆಳಿಗ್ಗೆ ಬೈಕ್ ಮೇಲೆ ಹೋಗುವವರಿಗೆ ಡಬಲ್‌ನ ಟೊಪ್ಪಿಗೆ ಜಾಲರಿ ಇದ್ದಂತೆಯೇ. ಕಿವಿ ಮುಚ್ಚುವ ಭಾಗವನ್ನಾದರೂ ಸಿಂಗಲ್ ಅಥವಾ ಹಾಫ್ ಡಬಲ್‌ನಲ್ಲಿ ಹಾಕಿ. ಮುಗಿದು ಹೋಗಿದ್ದರೆ ಹಳೇ ಟೀ ಶರ್ಟಿನ ಬಟ್ಟೆ ಕತ್ತರಿಸಿ ಒಳಗೆ ಪಟ್ಟಿ ಕೊಡಿ, ಚುಚ್ಚುವುದೂ ತಪ್ಪುತ್ತದೆ.

ಹೇರ್‌ಬ್ಯಾಂಡ್ ನಾಲ್ಕು ದಿನಕ್ಕೆ ಸಡಿಲ

ಇಲ್ಲಿ ಮೊದಲು ದಾರ ನೋಡಿ. ಎಣಿಕೆಗಿಂತ ದಾರದ ಗುಣವೇ ಮುಖ್ಯವಾಗುವ ಒಂದೇ ಜಾಗ ಇದು. ಹತ್ತಿ ಹಿಗ್ಗಿದರೆ ಹಿಗ್ಗಿತು, ವಾಪಸ್ ಕುಗ್ಗುವುದಿಲ್ಲ. ಅಕ್ರಿಲಿಕ್ ಸ್ವಲ್ಪ, ಉಣ್ಣೆ ಚೆನ್ನಾಗಿ ಕುಗ್ಗುತ್ತದೆ. ಯಾವ ದಾರ ಅಂತ ಗೊತ್ತಿಲ್ಲದಿದ್ದರೆ ಬೆರಳುದ್ದ ತುಂಡನ್ನು ಚಿಮಟಿಗೆಯಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ, ಪಕ್ಕದಲ್ಲಿ ನೀರು ಇರಲಿ. ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಕಪ್ಪು ಗಟ್ಟಿ ಮಣಿಯಾದರೆ ಅಕ್ರಿಲಿಕ್. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು, ಆದರೂ ಉಲ್ಲನ್ ಕೊಡಿ ಅಂತ ಕೇಳಿ ಮನೆಗೆ ತರುವುದು ಜಾಸ್ತಿ ಅಕ್ರಿಲಿಕ್ಕನ್ನೇ.

ಬ್ಯಾಂಡನ್ನು ತಲೆಯ ಅಳತೆಗಿಂತ 5 ಸೆಂ.ಮೀ. ಗಿಡ್ಡ ಹಾಕಿ. ಇನ್ನೂ ಮುಖ್ಯವಾದದ್ದು ಸಾಲಿನ ದಿಕ್ಕು. ಸ್ಟಿಚ್ಚಿನ ತಲೆಯ ಎರಡು ಕುಣಿಕೆಯಲ್ಲಿ ಹಿಂದಿನದನ್ನು ಮಾತ್ರ ಹಿಡಿದು ಸಿಂಗಲ್ ಹಾಕಿದರೆ ಏಣು ಏಣಾಗಿ ಬರುತ್ತದಲ್ಲ, ಅದು ಆ ಏಣುಗಳಿಗೆ ಅಡ್ಡಡ್ಡ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಹಾಗಾಗಿ ಬ್ಯಾಂಡಿನ ಅಗಲದಷ್ಟೇ ಚಿಕ್ಕ ಚಿಕ್ಕ ಸಾಲು ಹಾಕುತ್ತಾ ಮೇಲೆ ಹೇಳಿದ ಅಳತೆಯಷ್ಟು ಬೆಳೆಸಬೇಕು, ಕೊನೆಗೆ ಎರಡು ತುದಿ ಸೇರಿಸಬೇಕು. ಉದ್ದುದ್ದ ಸಾಲು ಹಾಕಿದವರ ಬ್ಯಾಂಡು ಏನು ಮಾಡಿದರೂ ಹಿಗ್ಗುವುದಿಲ್ಲ. ಟೊಪ್ಪಿಗೆಯ ಅಂಚುಪಟ್ಟಿಗೂ ಇದೇ ಮಾತು. ಹತ್ತಿಯದ್ದೇ ಬೇಕು ಅನ್ನುವವರು ಹಿಂಭಾಗದಲ್ಲಿ ಒಂದು ಬೆರಳಗಲ ಎಲಾಸ್ಟಿಕ್ ಹೊಲಿದುಬಿಡಿ.

ಒಗೆದ ಮೇಲೆ ಕೆಟ್ಟದ್ದು

ಅಕ್ರಿಲಿಕ್ ಜೋಲು ಬಿದ್ದು ಜೀವ ಇಲ್ಲದಂತಾದರೆ ಯಾರೋ ಇಸ್ತ್ರಿ ಇಟ್ಟಿದ್ದಾರೆ. ಅದಕ್ಕೆ ಔಷಧಿ ಇಲ್ಲ. ಉಣ್ಣೆಯದು ಕುಗ್ಗಿ ದಪ್ಪಗಾಗಿ ಸ್ಟಿಚ್ಚೇ ಕಾಣದಿದ್ದರೆ ಬಿಸಿನೀರಿನಲ್ಲಿ ಉಜ್ಜಿದ್ದಾರೆ. ಅದಕ್ಕೂ ಇಲ್ಲ. ಮಫ್ಲರ್ ಉದ್ದವಾಗಿದ್ದರೆ ಒದ್ದೆಯಾಗಿದ್ದಾಗ ತಂತಿಗೆ ನೇತುಹಾಕಿದ್ದಾರೆ. ಮತ್ತೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಅಳತೆಗೆ ಹರಡಿದರೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ.

ಒಗೆದಷ್ಟೂ ಒರಟಾಗುತ್ತಿದ್ದರೆ ಬೋರ್ ನೀರನ್ನು ಅನುಮಾನಿಸಿ. ಗಡಸು ನೀರಿಗೆ ಸೋಪಿನ ಬಿಲ್ಲೆ ಬಿದ್ದರೆ ಬಿಳಿ ಕರಣೆ ಕಟ್ಟಿ ದಾರದ ಎಳೆಗಳ ನಡುವೆ ಕೂರುತ್ತದೆ. ಲಿಕ್ವಿಡ್ ಹಾಕಿ, ಕೊನೆಯ ಜಾಲಿಸುವ ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ.

ಕೆಂಪು, ಮರೂನ್ ಹತ್ತಿ ದಾರ ಬಿಳಿಯ ಜೊತೆ ಸೇರಿಸುವ ಮುಂಚೆ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಸೇರಿಸಬೇಡಿ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ನಿಲ್ಲುತ್ತದೆ ಅನ್ನುವ ಮಾತನ್ನು ನಂಬಬೇಡಿ, ಹತ್ತಿಗೆ ಹಾಕಿ ಬಂದ ಬಣ್ಣ ಅದರಿಂದ ನಿಲ್ಲುವುದಿಲ್ಲ. ಒಂದೇ ಬಣ್ಣದ ಎರಡು ಉಂಡೆ ಬೇರೆ ಬೇರೆ ಛಾಯೆ ಬಂದರೆ ಲೇಬಲ್ಲಿನ ಲಾಟ್ ನಂಬರು (ಒಟ್ಟಿಗೆ ಬಣ್ಣ ಹಾಕಿದ ಗುಂಪಿನ ನಂಬರು) ಬೇರೆ ಇರುತ್ತದೆ. ಚೌಕಿಪೇಟೆಗೆ ಹೋದಾಗ ಬೇಕಾದಷ್ಟನ್ನು ಒಂದೇ ಸಲ ತನ್ನಿ. ಆಗಲೇ ಸಿಕ್ಕಿಬಿದ್ದಿದ್ದರೆ ಎರಡು ಸಾಲು ಇದು, ಎರಡು ಸಾಲು ಅದು ಅಂತ ಬೆರೆಸಿ ಹಾಕಿ.

ಬಿಚ್ಚಿದ ದಾರವನ್ನು ಹಾಗೇ ಮತ್ತೆ ಹಾಕಬೇಡಿ. ಸುರುಳಿ ಸುರುಳಿಯಾದ ದಾರದಲ್ಲಿ ಬಿಗಿ ಒಂದೇ ಸಮ ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಒದ್ದೆ ಮಾಡಿ, ಕೆಳಗೆ ಸ್ವಲ್ಪ ಭಾರ ಕಟ್ಟಿ ಒಣಗಿಸಿ.

ಓಲೆ ನಿಲ್ಲುತ್ತಿಲ್ಲ

ಕ್ರೋಶಾ ಓಲೆ ಕಿವಿಯಲ್ಲಿ ಬಾಡಿದಂತೆ ಜೋತರೆ ಕಡ್ಡಿ ದೊಡ್ಡದು ಹಿಡಿದಿದ್ದೀರಿ, ಇಲ್ಲವೇ ಗಂಜಿ ಹಾಕಿಲ್ಲ. ಸಣ್ಣ ಹತ್ತಿ ದಾರಕ್ಕೆ 1.25ರಿಂದ 1.75 ಮಿ.ಮೀ. ಸ್ಟೀಲ್ ಕಡ್ಡಿ ಬೇಕು. ಸಬ್ಬಕ್ಕಿ ಅಥವಾ ಮೈದಾ ಗಂಜಿಯನ್ನು ಗಂಟಿಲ್ಲದಂತೆ ಕಾಯಿಸಿ, ಆರಿದ ಮೇಲೆ ಓಲೆ ಅದ್ದಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಆಕಾರಕ್ಕೆ ಪಿನ್ನು ಚುಚ್ಚಿ ಒಣಗಿಸಿ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಕೊಡುತ್ತಾರೆ. ಅದು ಇನ್ನೂ ಗಟ್ಟಿ, ಆದರೆ ಬಿಳಿ ದಾರಕ್ಕೆ ಮಾಸಲು ಬಣ್ಣ ಬರುತ್ತದೆ, ಗಾಢ ಬಣ್ಣಕ್ಕೆ ಅಡ್ಡಿಯಿಲ್ಲ.

ಬಿಳಿ ಓಲೆಯ ಮೇಲೆ ಕಂದು ಕಲೆ ಬಿದ್ದಿದ್ದರೆ ಅದು ತುಕ್ಕು. ಪಿನ್ನು ಸ್ಟೇನ್‌ಲೆಸ್ ಇರಲಿ, ಕಿವಿಯ ಕೊಕ್ಕೆಯನ್ನು ಗಂಜಿ ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ. ಒಣಗಿದ ಓಲೆಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲೇ ಇಡಿ. ಗಂಜಿಯ ವಾಸನೆಗೆ ಜಿರಳೆ ಬರುತ್ತವೆ, ಅಂಚು ತಿಂದರೆ ಅದನ್ನು ಸರಿಮಾಡಲು ಆಗುವುದಿಲ್ಲ.